ಕೊಯ್ಯುವ ವಿದ್ಯೆ, ಕಟ್ಟುವ ವಿದ್ಯೆ



ನಂದಿಬೆಟ್ಟವನ್ನು ಕಾಣದವರು ನಮ್ಮ ಸೀಮೆಯಲ್ಲಿ ಇರಲಾರರು. 1791ರ ಅಕ್ಟೋಬರ್ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಆ ದುರ್ಗವನ್ನು ಮುತ್ತಿ ವಶಪಡಿಸಿಕೊಂಡಿತೆಂದು ತರಗತಿಯಲ್ಲಿ ಹೇಳಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮೂರನೆಯ ಮೈಸೂರು ಯುದ್ಧವೆಂದು ಕರೆಯಲ್ಪಡುವ ಆ ಯುದ್ಧವು 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದೊಡನೆ ಮುಗಿಯಿತು. ಆದರೆ ಆ ಯುದ್ಧದಿಂದ ಹೊರಟ ಒಂದು ಸಣ್ಣ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಬರಲೇ ಇಲ್ಲ. ಇಂದಿನ ಬರಹಕ್ಕೆ ಅದೇ ಪೀಠಿಕೆ.

ಇಂಗ್ಲಿಷರ ಸೈನ್ಯದಲ್ಲಿ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸ್ಜಿ ಎಂಬ ಮರಾಠಿ ಕೃಷಿಕನೊಬ್ಬನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ತನ್ನ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷವೊಂದು ಮೂಗಿಲ್ಲದೆ ಕಳೆದ ಮೇಲೆ, ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದ ಕುಶಲಿಯೊಬ್ಬನು ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ಮೇಣದಿಂದ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಅದರ ಅಂಚಿನ ಗುರುತಿನಂತೆ ಹಣೆಯ ಚರ್ಮವನ್ನು ಬಿಡಿಸಿದನು. ಆದರೆ ಅದನ್ನು ಪೂರ್ತಿಯಾಗಿ ಕತ್ತರಿಸಲಿಲ್ಲ. ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿ ದೇಹಕ್ಕೆ ಅಂಟಿಕೊಂಡೇ ಇರುವಂತೆ ಬಿಟ್ಟು, ಚರ್ಮವನ್ನು ಕೆಳಕ್ಕೆ ತಿರುಚಿ ಮೂಗಿನ ಸ್ಥಾನದಲ್ಲಿ ಕೂರಿಸಿದನು. ಸುಮಾರು 25 ದಿನಗಳ ನಂತರ ಆ ಪಟ್ಟಿಯನ್ನು ಕತ್ತರಿಸಿದನು. ಈ ಸಂಗತಿಯ ವರದಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಪ್ರಕಟವಾಯಿತು. ಅದನ್ನು ತಿಳಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮವನ್ನು ಅನುಸರಿಸಿ ಯಶಸ್ವಿಯಾದನು. ಸುಶ್ರುತನ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನವಿರುವುದನ್ನು ನೀವೆಲ್ಲ ಬಲ್ಲಿರಿ. ಈ ವಿದ್ಯೆಯ ಸೂತ್ರ ಒಂದೇ: ರಕ್ತದ ಹರಿವು ಕಡಿಯದಂತೆ ದೇಹದ ಒಂದೆಡೆಯ ಮಾಂಸಚರ್ಮಗಳನ್ನು ಇನ್ನೊಂದೆಡೆಗೆ ಸಾಗಿಸುವುದು. ರಕ್ತ ಹರಿಯುವವರೆಗೆ ಅದು ಜೀವಂತ.

ಈ ಪೀಠಿಕೆ ಏಕೆಂದರೆ, ಕೆಲವು ತಿಂಗಳ ಹಿಂದೆ ಶಿಡ್ಲಘಟ್ಟದ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ದೂರವಾಣಿಯಲ್ಲಿ ಮಾತನಾಡಿದರು. ಐವತ್ತೆರಡು ವರ್ಷ ವಯಸ್ಸಿನವರು. ಸ್ತನದಲ್ಲಿ ಗಡ್ಡೆ ಕಂಡುಬಂದು ಪರೀಕ್ಷೆಗಳಾಗಿ ಅದು ಕ್ಯಾನ್ಸರ್ ಎಂದು ಖಚಿತವಾಗಿತ್ತು. ಸ್ತನವನ್ನು ತೆಗೆಯಬೇಕಾಗುತ್ತದೆ, ಇಚ್ಛೆಯಿದ್ದರೆ ಅದೇ ವೇಳೆಗೆ ಮರಳಿ ಕಟ್ಟಲೂಬಹುದು ಎಂದು ವೈದ್ಯರು ಹೇಳಿದ್ದರಂತೆ. ಮನೆಯ ಹಿರಿಯರು ‘ಈ ವಯಸ್ಸಿನಲ್ಲಿ ಅದೆಲ್ಲ ಏಕೆ?’ ಎಂದರಂತೆ. ‘ಸಾರ್, ಆಸೆಪಡುವುದು ತಪ್ಪೇ?’ ಎಂಬುದು ಅವರ ಪ್ರಶ್ನೆ. ನಾನು ವೈದ್ಯನಲ್ಲ. ಇತಿಹಾಸ ಪಾಠ ಮಾಡಿದವನು. ಆದುದರಿಂದ ಈ ಪ್ರಶ್ನೆಗೆ ಇತಿಹಾಸದ ದಾರಿಯಲ್ಲಿಯೇ ಉತ್ತರ ಹುಡುಕಲು ಹೊರಟೆ. ಅವರ ಅನುಮತಿ ಪಡೆದು, ಹೆಸರು ಊರುಗಳನ್ನು ಬಿಟ್ಟು, ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಆಡದ ಮಾತು ಇದು. ಆಡದೇ ಉಳಿದುದರಿಂದ ಆಗಿರುವ ನಷ್ಟ ದೊಡ್ಡದು.

ಸ್ತನದ ಗಡ್ಡೆಯ ಉಲ್ಲೇಖ ಬಹು ಪ್ರಾಚೀನವಾದುದು. ಸುಮಾರು 3600 ವರ್ಷಗಳ ಹಿಂದೆ ಬರೆಯಲಾದ ಈಜಿಪ್ಟಿನ ವೈದ್ಯಗ್ರಂಥವೊಂದು ಮುಟ್ಟಿದರೆ ತಣ್ಣಗಿರುವ ಗಟ್ಟಿ ಗಡ್ಡೆಯನ್ನು ವರ್ಣಿಸಿ, ಇದಕ್ಕೆ ಚಿಕಿತ್ಸೆಯಿಲ್ಲವೆಂದು ಕೈಚೆಲ್ಲುತ್ತದೆ. ಗ್ರೀಕರು ಇದಕ್ಕೆ ಏಡಿಯ ಹೆಸರನ್ನಿಟ್ಟರು. ಕ್ಯಾನ್ಸರ್ ಎಂಬ ಲ್ಯಾಟಿನ್ ಪದದ ಅರ್ಥವೂ ಏಡಿಯೇ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಅರ್ಬುದವೆಂಬ ಶಬ್ದವಿದೆ. ನಮ್ಮ ಸೀಮೆಯಲ್ಲಿ ಕನ್ನಡ ಮಾತನಾಡುವವರು ಗಡ್ಡೆ ಎಂದರೆ, ಮನೆಯಲ್ಲಿ ತೆಲುಗು ಆಡುವವರು ಗಡ್ಡ ಎನ್ನುತ್ತಾರೆ. ಆದರೆ ಹುಣ್ಣಾಗಿ ಒಡೆಯುವವರೆಗೆ ಈ ಎರಡು ಭಾಷೆಗಳಲ್ಲಿಯೂ ನಮ್ಮ ಹೆಣ್ಣುಮಕ್ಕಳು ಅದರ ಹೆಸರು ಹೇಳುತ್ತಿರಲಿಲ್ಲ.

ಅರಿವಳಿಕೆ ಇಲ್ಲದ ಕಾಲದಲ್ಲಿ ಶಸ್ತ್ರಕ್ರಿಯೆ ಎಂದರೆ ಏನೆಂಬುದನ್ನು ಊಹಿಸುವುದೂ ಕಷ್ಟ. ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನಲ್ಲಿ, ಆಕೆಯ ಮನೆಯಲ್ಲಿಯೇ, ಪೂರ್ಣ ಎಚ್ಚರವಿರುವಾಗಲೇ ಸ್ತನವನ್ನು ತೆಗೆದರು. ಕತ್ತಿ ಹಿಡಿದವನು ನೆಪೋಲಿಯನ್ನನ ಸೈನ್ಯದ ಪ್ರಸಿದ್ಧ ಶಸ್ತ್ರವೈದ್ಯ ಲಾರೆ. ಆ ಅನುಭವವನ್ನು ಆಕೆ ತನ್ನ ಸೋದರಿಗೆ ಬರೆದ ದೀರ್ಘ ಪತ್ರದಲ್ಲಿ ದಾಖಲಿಸಿದಳು. ಆಮೇಲೆ 28 ವರ್ಷ ಬದುಕಿ 1840ರಲ್ಲಿ ತೀರಿಕೊಂಡಳು. ಇದಕ್ಕೂ ಏಳು ವರ್ಷ ಮೊದಲು, 1804ರ ಅಕ್ಟೋಬರ್ 13ರಂದು, ಜಪಾನಿನ ಹನಾವೊಕಾ ಸೇಯ್‌ಶೂ ಎಂಬ ವೈದ್ಯನು ಉಮ್ಮತ್ತಿ, ವತ್ಸನಾಭಿ ಮೊದಲಾದ ಮೂಲಿಕೆಗಳ ಕಷಾಯ ಕುಡಿಸಿ, ಪ್ರಜ್ಞೆ ತಪ್ಪಿಸಿ, ಮಹಿಳೆಯೊಬ್ಬಳ ಸ್ತನದ ಗಡ್ಡೆಯನ್ನು ತೆಗೆದಿದ್ದನು. ಆಕೆಯ ವಯಸ್ಸು 60. ಆಕೆಗೆ ‘ಈ ವಯಸ್ಸಿನಲ್ಲಿ ಏಕೆ?’ ಎಂದವರು ಇದ್ದಿದ್ದರೆ ಪ್ರಪಂಚದ ವೈದ್ಯಚರಿತ್ರೆಯ ಒಂದು ಪುಟವೇ ಬೇರೆಯಾಗುತ್ತಿತ್ತು.

ಮುಂದೆ 1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಬಳಕೆಗೆ ಬಂದು ನೋವು ನೀಗಿತು. 1867ರಲ್ಲಿ ಜೋಸೆಫ್ ಲಿಸ್ಟರನು ಗಾಯ ಕೀವಾಗದಂತೆ ಕಾಪಾಡುವ ಕ್ರಮವನ್ನು ಪ್ರಕಟಿಸಿದನು. ಅದೇ ವರ್ಷ ಆತನು ತನ್ನ ಸ್ವಂತ ಸೋದರಿಗೇ ಸ್ತನದ ಶಸ್ತ್ರಕ್ರಿಯೆ ಮಾಡಿದನು. ಬೇರೆ ವೈದ್ಯರು ಹಿಂಜರಿದಿದ್ದ ಪ್ರಸಂಗವದು. ಗಾಯ ಕೀವಾಗದೆ ಮಾಗಿತು; ಆಕೆ ಮೂರು ವರ್ಷ ಬದುಕಿದಳು.

ನೋವು, ಕೀವುಗಳೆರಡೂ ಹಿಡಿತಕ್ಕೆ ಬಂದಮೇಲೆ ಕತ್ತಿಗೆ ಧೈರ್ಯ ಬಂದಿತು. ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ ಶಸ್ತ್ರಕ್ರಿಯೆಯ ವರದಿಯನ್ನು ಪ್ರಕಟಿಸಿದನು. ಸ್ತನವನ್ನು ಮಾತ್ರವಲ್ಲದೆ ಅದರ ಅಡಿಯ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಾಗಿ ತೆಗೆಯುವ ಕ್ರಮವದು. ರೋಗವು ಕೆರೆಯ ನೀರಿನಂತೆ ಒಂದು ದಡದಿಂದ ಮೆಲ್ಲಗೆ ಹರಡುತ್ತದೆ, ಆದ್ದರಿಂದ ಅಗಲವಾಗಿ ಕೊಯ್ದಷ್ಟೂ ಕ್ಷೇಮ ಎಂಬುದು ಅಂದಿನ ನಂಬಿಕೆ. ಹಾಲ್‌ಸ್ಟೆಡ್‌ನನ್ನು ಕ್ರೂರಿಯೆಂದು ತಿಳಿಯಬಾರದು. ಬಹಳ ಬೆಳೆದ ಗಡ್ಡೆಗಳೇ ಬರುತ್ತಿದ್ದ ಕಾಲದಲ್ಲಿ, ಗಾಯದ ಜಾಗದಲ್ಲಿಯೇ ರೋಗ ಮರುಕಳಿಸುವುದನ್ನು ಆತನು ಬಹುಮಟ್ಟಿಗೆ ತಗ್ಗಿಸಿದನು. ಆದರೆ ಅದಕ್ಕೆ ತೆತ್ತ ಬೆಲೆ ಹೆಚ್ಚು. ಪಕ್ಕೆಲುಬುಗಳು ಎದ್ದು ಕಾಣುವ ಗುಳಿಬಿದ್ದ ಎದೆ, ಮೇಲಕ್ಕೆತ್ತಲಾಗದ ತೋಳು, ಬಾತುಕೊಂಡ ಕೈ. ಸುಮಾರು ಮುಕ್ಕಾಲು ಶತಮಾನ ಪ್ರಪಂಚದ ಬಹುಭಾಗದಲ್ಲಿ ಇದೇ ಪ್ರಮಾಣವಾಗಿ ನಿಂತಿತು.

ನಮ್ಮ ಕಡೆಯ ಚರಿತ್ರೆಯನ್ನು ಇಲ್ಲಿ ಸೇರಿಸಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ ಮಿಷನ್ನಿನವರು ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆಯನ್ನು ಕಟ್ಟಿದರು. ಇಂದಿಗೂ ಹಿರಿಯರು ಅದನ್ನು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಕೋಲಾರದಲ್ಲಿ ಮೆಥಡಿಸ್ಟ್ ಮಿಷನ್ನಿನವರ ಆಸ್ಪತ್ರೆಯಿತ್ತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿಯೂ, ಹೆಂಗಸರಿಗಾಗಿ ವಾಣಿವಿಲಾಸ ಆಸ್ಪತ್ರೆ 1935ರಲ್ಲಿಯೂ ಆರಂಭವಾದವು. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು ತೆರೆದದ್ದು 1924ರಲ್ಲಿ. ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟಗಳ ಮೇಲೆ ಚಿಕ್ಕಬಳ್ಳಾಪುರಕ್ಕೆ ಬಂದು ಯಲಹಂಕದ ಕಡೆ ಸಾಗುತ್ತಿದ್ದ ಚಿಕ್ಕ ರೈಲನ್ನು ಹತ್ತಿದವರು ನಿಮ್ಮಲ್ಲಿ ಇನ್ನೂ ಇದ್ದೀರಿ. ಗೌರಿಬಿದನೂರಿನವರಿಗೆ ಅವರದೇ ಬೇರೆ ರೈಲು. ಚಿಂತಾಮಣಿಯ ಕಡೆಯವರು ಅನೇಕರು ವೆಲ್ಲೂರಿಗೆ ಹೋಗುತ್ತಿದ್ದರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆಯಿತು. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಕ್ಯಾನ್ಸರಿಗೆ ಬಲಿಯಾದ ತಮ್ಮ ಸೋದರಿಯ ನೆನಪನ್ನು ಹೊತ್ತು ಶ್ರಮಿಸಿ, 1954ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಕ್ಯಾನ್ಸರ್ ಸಂಸ್ಥೆಯನ್ನು ಆರಂಭಿಸಿದರು. ನಮ್ಮ ರಾಜ್ಯದಲ್ಲಿ ಇದಕ್ಕಾಗಿಯೇ ಮೀಸಲಾದ ಕಿದ್ವಾಯಿ ಸ್ಮಾರಕ ಸಂಸ್ಥೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಬಂದದ್ದು 1973ರಲ್ಲಿ. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು.

ನಾನು ಬಾಲಕನಾಗಿದ್ದಾಗ ನಮ್ಮ ಬಂಧುಗಳಲ್ಲಿ ಒಬ್ಬ ವೃದ್ಧೆಯಿದ್ದರು. ಯಾವ ಬೇಸಗೆಯಲ್ಲಿಯೂ ಸೆರಗನ್ನು ಎರಡು ಸುತ್ತು ಹೊದೆದೇ ಇರುತ್ತಿದ್ದರು. ಎಲ್ಲರೂ ಏಳುವ ಮೊದಲೇ ಅವರ ಸ್ನಾನ ಮುಗಿದಿರುತ್ತಿತ್ತು. ಬಲಗೈಯಲ್ಲಿ ಬಿಂದಿಗೆ ಎತ್ತುತ್ತಿರಲಿಲ್ಲ. ಅದು ಅವರ ಮಡಿಯೆಂದು ನಾವು ಮಕ್ಕಳು ತಿಳಿದಿದ್ದೆವು. ಅವರು ತೀರಿಕೊಂಡ ದಿನ ಸ್ನಾನ ಮಾಡಿಸಿದ ಹೆಂಗಸರು ಹೊರಬಂದು ತಮ್ಮತಮ್ಮಲ್ಲಿ ಮಾತನಾಡಿಕೊಂಡಾಗಲೇ ಸೊಸೆಯಂದಿರಿಗೂ ವಿಷಯ ತಿಳಿದದ್ದು. ಇಪ್ಪತ್ತು ವರ್ಷಗಳ ಹಿಂದೆ ಅವರಿಗೆ ಬೆಂಗಳೂರಿನಲ್ಲಿ ಶಸ್ತ್ರಕ್ರಿಯೆಯಾಗಿತ್ತು. ರೋಗ ವಾಸಿಯಾಗಿತ್ತು. ಆದರೆ ಗುಣವಾದೆನೆಂದು ಸಂತೋಷದಿಂದ ಹೇಳಿಕೊಳ್ಳಲು ಆ ಇಪ್ಪತ್ತು ವರ್ಷಗಳಲ್ಲಿ ಅವರಿಗೆ ಒಬ್ಬರೂ ಸಿಕ್ಕಿರಲಿಲ್ಲ. ಇಂಥ ಒಬ್ಬರಾದರೂ ಪ್ರತಿ ಊರಿನಲ್ಲಿಯೂ ಇದ್ದಿರಬೇಕು.

ಹಾಲ್‌ಸ್ಟೆಡ್‌ನ ಕ್ರಮವನ್ನು ಪ್ರಶ್ನಿಸಿದವರು ಇಬ್ಬರು ಮುಖ್ಯರು. ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಮಿಲಾನಿನ ಉಂಬೆರ್ಟೊ ವೆರೊನೆಸಿ. ರೋಗವು ಚಿಕ್ಕದಾಗಿರುವಾಗಲೇ ರಕ್ತದ ಮೂಲಕ ದೂರ ಹೋಗಬಹುದು, ಹಾಗಿದ್ದರೆ ಎದೆಯನ್ನು ಎಷ್ಟು ಅಗಲ ಕೊಯ್ದರೂ ವಿಶೇಷ ಲಾಭವಿಲ್ಲ ಎಂಬುದು ಫಿಶರ್‌ನ ವಾದ. ವಾದದಲ್ಲಿ ಗೆಲ್ಲುವುದರಿಂದ ಪ್ರಯೋಜನವಿಲ್ಲವೆಂದು ಬಲ್ಲ ಆತನು ಪ್ರಯೋಗಕ್ಕೆ ತೊಡಗಿದನು. 1976ರಲ್ಲಿ ಆರಂಭವಾದ ಒಂದು ಅಧ್ಯಯನದಲ್ಲಿ 1851 ಮಹಿಳೆಯರಿದ್ದರು. ಕೆಲವರಿಗೆ ಇಡೀ ಸ್ತನವನ್ನು, ಕೆಲವರಿಗೆ ಗಡ್ಡೆಯನ್ನು ಮಾತ್ರ, ಉಳಿದವರಿಗೆ ಗಡ್ಡೆಯನ್ನು ತೆಗೆದು ಜೊತೆಗೆ ವಿಕಿರಣ ಚಿಕಿತ್ಸೆಯನ್ನೂ ನೀಡಲಾಯಿತು. ವೆರೊನೆಸಿಯು 1973ರಿಂದ 1980ರವರೆಗೆ 701 ಮಹಿಳೆಯರಲ್ಲಿ ಇಂಥದೇ ಹೋಲಿಕೆ ನಡೆಸಿದನು. ಇಬ್ಬರ 20 ವರ್ಷಗಳ ಫಲಿತಾಂಶವೂ 2002ರಲ್ಲಿ ಪ್ರಕಟವಾಯಿತು. ಸ್ತನ ಉಳಿಸಿಕೊಂಡವರೂ ಕಳೆದುಕೊಂಡವರೂ ಸರಿಸಮವಾಗಿ ಬದುಕಿದ್ದರು. ಆದರೆ ಒಂದು ಎಚ್ಚರಿಕೆಯೂ ಅದರಲ್ಲಿತ್ತು. ಫಿಶರ್‌ನ ಅಧ್ಯಯನದಲ್ಲಿ ವಿಕಿರಣ ಚಿಕಿತ್ಸೆ ಪಡೆದವರ ಪೈಕಿ ಅದೇ ಸ್ತನದಲ್ಲಿ ರೋಗ ಮರುಕಳಿಸಿದ್ದು ಸುಮಾರು ಶೇಕಡಾ 14 ಮಂದಿಗೆ. ಪಡೆಯದವರಲ್ಲಿ ಸುಮಾರು ಶೇಕಡಾ 39 ಮಂದಿಗೆ. ಆದುದರಿಂದ ಸ್ತನ ಉಳಿಸಿಕೊಂಡು ವಿಕಿರಣವನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳುವುದು ಸರ್ವಥಾ ಕೂಡದು.

ಇದೇ ಕಾಲದಲ್ಲಿ ಇನ್ನೊಂದು ಹೋರಾಟವೂ ನಡೆಯಿತು. ಅಮೆರಿಕದಲ್ಲಿ ಅಲ್ಲಿಯವರೆಗೆ ಗಡ್ಡೆಯ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು, ಕ್ಯಾನ್ಸರ್ ಎಂದು ಕಂಡರೆ ಅದೇ ಮೇಜಿನ ಮೇಲೆ ಸ್ತನವನ್ನು ತೆಗೆದುಬಿಡುವ ರೂಢಿಯಿತ್ತು. ಎಚ್ಚರವಾದಾಗ ಎದೆಯನ್ನು ತಡವಿ ನೋಡಿಕೊಂಡೇ ಮಹಿಳೆಯು ತನ್ನ ರೋಗವನ್ನು ಅರಿಯಬೇಕಿತ್ತು. 1974ರಲ್ಲಿ ತನ್ನ ಸ್ತನದಲ್ಲಿ ಗಡ್ಡೆಯನ್ನು ಕಂಡ ರೋಸ್ ಕುಶ್ನರ್ ಎಂಬ ಪತ್ರಕರ್ತೆ ಇದನ್ನು ಒಪ್ಪಲಿಲ್ಲ. ಮೊದಲು ಪರೀಕ್ಷೆ, ಅನಂತರ ತಿಳಿವಳಿಕೆ, ಆಮೇಲೆ ನನ್ನ ಒಪ್ಪಿಗೆಯಿಂದ ಶಸ್ತ್ರಕ್ರಿಯೆ ಎಂಬುದು ಆಕೆಯ ಪಟ್ಟು. 1979ರಲ್ಲಿ ಆ ದೇಶದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞಮಂಡಲಿ ಎರಡು ಹಂತಗಳ ಈ ಕ್ರಮವನ್ನೇ ಒಪ್ಪಿತು. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರದ ಮೊದಲ ಭಾಗ ಇದು. ರೋಗವನ್ನು ಕುರಿತು ಹೇಳುವವರು ವೈದ್ಯರು; ದೇಹವನ್ನು ಕುರಿತು ಕೊನೆಯ ಮಾತು ಹೇಳುವವಳು ಆ ದೇಹದಲ್ಲಿ ಬಾಳಬೇಕಾದವಳು.

ಇನ್ನು ಕಟ್ಟುವ ವಿದ್ಯೆಗೆ ಬರೋಣ. 1895ರಲ್ಲಿ ಹೈಡೆಲ್‌ಬರ್ಗಿನ ವಿನ್ಸೆಂಟ್ಸ್ ಚೆರ್ನಿ ಎಂಬ ವೈದ್ಯನು ರೋಗಿಯೊಬ್ಬರ ದೇಹದಲ್ಲಿಯೇ ಬೇರೆಡೆ ಬೆಳೆದಿದ್ದ ಕೊಬ್ಬಿನ ಗಂಟನ್ನು ತೆಗೆದು ಸ್ತನದ ಜಾಗದಲ್ಲಿ ತುಂಬಿದನು. 1906ರಲ್ಲಿ ಇಟಲಿಯ ಇಜಿನಿಯೊ ತಾನ್ಸಿನಿ, ಬೆನ್ನಿನ ಅಗಲವಾದ ಸ್ನಾಯುವನ್ನು ಅದರ ರಕ್ತನಾಳದೊಡನೆ, ಮೇಲಿನ ಚರ್ಮದೊಡನೆ ಬಿಡಿಸಿ, ಕಂಕುಳಿನ ಕೆಳಗಿನಿಂದ ಎದೆಗೆ ತಿರುಗಿಸಿ ತಂದನು. ಕವಾಸ್ಜಿಯ ಹಣೆಯ ಚರ್ಮ ಮೂಗಿಗೆ ಇಳಿದ ಸೂತ್ರವೇ ಇಲ್ಲಿ ಬೆನ್ನಿನಿಂದ ಎದೆಗೆ ಬಂದಿತು. ಆದರೆ ಎದೆಗೆ ಹೀಗೆ ಹೊದಿಕೆ ಹಾಕುವುದನ್ನು ಹಾಲ್‌ಸ್ಟೆಡ್ ಮೆಚ್ಚಲಿಲ್ಲ. ಆತನ ಮಾತಿಗೆ ತೂಕವಿತ್ತು. ತಾನ್ಸಿನಿಯ ವಿಧಾನ ಮೂಲೆಗೆ ಸರಿದು, 1970ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದಿತು.

ಈ ನಡುವೆ 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕ್ರೋನಿನ್ ಮತ್ತು ಗೆರೊ ಎಂಬ ವೈದ್ಯರು ಸಿಲಿಕೋನಿನ ಚೀಲವನ್ನು ಮೊದಲ ಬಾರಿಗೆ ಸ್ತನದಲ್ಲಿ ಅಳವಡಿಸಿದರು. 1980ರ ದಶಕದ ಆರಂಭದಲ್ಲಿ ರಾಡೊವಾನ್, ಚರ್ಮದ ಅಡಿಯಲ್ಲಿ ಖಾಲಿ ಚೀಲವಿಟ್ಟು ವಾರವಾರವೂ ಉಪ್ಪುನೀರು ತುಂಬಿ ಚರ್ಮವನ್ನು ಹಿಗ್ಗಿಸುವ ಉಪಾಯ ತಂದನು. 1982ರಲ್ಲಿ ಹಾರ್ಟ್‌ರಾಂಫ್, ಕೆಳಹೊಟ್ಟೆಯ ಚರ್ಮ ಕೊಬ್ಬುಗಳನ್ನು ಹೊಟ್ಟೆಯ ಸ್ನಾಯುವಿನೊಡನೆ ಎದೆಗೆ ಸಾಗಿಸುವ ಕ್ರಮವನ್ನು ಪ್ರಕಟಿಸಿದನು. 1989ರಲ್ಲಿ ಜಪಾನಿನ ಕೋಶಿಮಾ ಹೊಟ್ಟೆಯ ಸ್ನಾಯುವನ್ನು ಹಾಗೆಯೇ ಬಿಟ್ಟು ರಕ್ತನಾಳದೊಡನೆ ಕೊಬ್ಬು ಚರ್ಮಗಳನ್ನು ಮಾತ್ರ ಬಿಡಿಸಿ ತೆಗೆಯುವ ಸೂಕ್ಷ್ಮ ವಿಧಾನವನ್ನು ತೋರಿಸಿದನು. ಕೆಲವೇ ವರ್ಷಗಳಲ್ಲಿ ಅಮೆರಿಕದ ರಾಬರ್ಟ್ ಆಲೆನ್ ಅದನ್ನು ಸ್ತನ ಕಟ್ಟುವುದಕ್ಕೆ ಬಳಸಿದನು. ಇಲ್ಲಿ ರಕ್ತನಾಳವನ್ನು ಕತ್ತರಿಸಿ, ಸೂಕ್ಷ್ಮದರ್ಶಕದ ಅಡಿಯಲ್ಲಿ ಎದೆಯ ರಕ್ತನಾಳಕ್ಕೆ ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯುತ್ತಾರೆ.

ಇಂದು ನಮ್ಮ ಮಹಿಳೆಯರ ಮುಂದಿರುವ ದಾರಿಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗಡ್ಡೆ ಚಿಕ್ಕದಾಗಿದ್ದರೆ ಅದನ್ನಷ್ಟೇ ತೆಗೆದು ವಿಕಿರಣ ಪಡೆಯುವುದು ಮೊದಲನೆಯದು. ಗಡ್ಡೆ ದೊಡ್ಡದಾಗಿದ್ದರೂ ಕೆಲವೊಮ್ಮೆ ಮೊದಲು ಔಷಧ ಕೊಟ್ಟು ಕುಗ್ಗಿಸಿ, ಬಳಿಕ ಸ್ತನವನ್ನು ಉಳಿಸಬಹುದು. ಕಂಕುಳಿನ ಎಲ್ಲ ಗ್ರಂಥಿಗಳನ್ನೂ ತೆಗೆಯುವ ಬದಲು, ರೋಗ ಮೊದಲು ತಲುಪುವ ಒಂದೆರಡು ಕಾವಲು ಗ್ರಂಥಿಗಳನ್ನು ಪರೀಕ್ಷಿಸುವ ಕ್ರಮ 1990ರ ದಶಕದಲ್ಲಿ ಬಂದಿತು. ಇದರಿಂದ ಅನೇಕರಿಗೆ ಕೈ ಬಾತುಕೊಳ್ಳುವ ಕಷ್ಟ ತಪ್ಪಿದೆ. ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳಲ್ಲಿ ಬಿಸಿನೀರಿನ ಬಾಣಲೆಯ ಮುಂದೆ ನಿಲ್ಲುವ ಮಹಿಳೆಗೆ, ಹಿಪ್ಪುನೇರಳೆ ಸೊಪ್ಪು ಕೊಯ್ಯುವವಳಿಗೆ, ಹಸು ಕರೆಯುವವಳಿಗೆ ಇದು ಸಣ್ಣ ವಿಷಯವಲ್ಲ. ಎಲ್ಲ ಗ್ರಂಥಿಗಳನ್ನು ತೆಗೆದ ಕೈಗೆ ಸುಟ್ಟ ಗಾಯ, ಕುಡುಗೋಲಿನ ಗೀರುಗಳಿಂದ ನಂಜು ಬೇಗ ತಗಲುತ್ತದೆ, ಬಾವು ಹೆಚ್ಚುತ್ತದೆ.

ಇಡೀ ಸ್ತನವನ್ನು ತೆಗೆಯಲೇಬೇಕಾದಾಗ ಮರಳಿ ಕಟ್ಟುವ ಪ್ರಶ್ನೆ ಬರುತ್ತದೆ. ಅದೇ ದಿನ ಕಟ್ಟಬಹುದು. ಚಿಕಿತ್ಸೆಯೆಲ್ಲ ಮುಗಿದು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆಯೂ ಕಟ್ಟಬಹುದು. ಆದುದರಿಂದ ಆತಂಕದ ದಿನಗಳಲ್ಲಿ ಬೇಡವೆಂದವಳಿಗೆ ಬಾಗಿಲು ಮುಚ್ಚಿಹೋಗುವುದಿಲ್ಲ. ಸಿಲಿಕೋನಿನ ಚೀಲದ ಶಸ್ತ್ರಕ್ರಿಯೆ ಚಿಕ್ಕದು, ಚೇತರಿಕೆ ಬೇಗ. ಆದರೆ ಅದು ಆಜೀವ ಬಾಳುವ ವಸ್ತುವಲ್ಲ. ವಿಕಿರಣ ಪಡೆದ ಎದೆಯಲ್ಲಿ ಸುತ್ತಲಿನ ಅಂಗಾಂಶ ಗಟ್ಟಿಯಾಗಿ ಬಿಗಿಯುವುದು ಹೆಚ್ಚು. ಒರಟು ಮೇಲ್ಮೈಯ ಕೆಲವು ಚೀಲಗಳಿಂದ ಅಪರೂಪದ ಒಂದು ಬಗೆಯ ಕ್ಯಾನ್ಸರ್ ಬರುವುದು ಕಂಡು, 2019ರಲ್ಲಿ ಒಂದು ಕಂಪನಿಯು ಅವುಗಳನ್ನು ಪ್ರಪಂಚದಾದ್ಯಂತ ಹಿಂತೆಗೆದುಕೊಂಡಿತು. ಯಾವ ಬಗೆಯ ಚೀಲವೆಂದು ಕೇಳಿ ಬರೆದಿಟ್ಟುಕೊಳ್ಳುವುದು ಮಹಿಳೆಯ ಹಕ್ಕು.

ಬೆನ್ನಿನ ಸ್ನಾಯುವಿನಿಂದ ಕಟ್ಟುವುದು ನಂಬಿಕೆಗೆ ಅರ್ಹವಾದ ವಿಧಾನ. ದಿನನಿತ್ಯದ ಕೆಲಸಗಳಿಗೆ ಹೆಚ್ಚಿನ ಅಡ್ಡಿಯಿಲ್ಲ. ಆದರೆ ಹಗ್ಗ ಜಗ್ಗುವ, ತಲೆಯ ಮೇಲಕ್ಕೆ ಹೊರೆ ಎತ್ತುವ ಬಲ ಆ ತೋಳಿನಲ್ಲಿ ಸ್ವಲ್ಪ ಕುಗ್ಗಬಹುದು. ಹೊಟ್ಟೆಯ ಸ್ನಾಯುವನ್ನು ತೆಗೆದರೆ ನೆಲದಿಂದ ಏಳುವಾಗ, ಹಾಲಿನ ಕ್ಯಾನು ಎತ್ತುವಾಗ ದೌರ್ಬಲ್ಯ ಕಾಣಬಹುದು, ಹರ್ನಿಯಾ ಆಗುವ ಸಂಭವವೂ ಉಂಟು. ಸ್ನಾಯುವನ್ನು ಉಳಿಸುವ ಸೂಕ್ಷ್ಮ ವಿಧಾನದಲ್ಲಿ ಈ ತೊಂದರೆ ಕಡಿಮೆ. ಆದರೆ ಅದು ಹಲವು ಗಂಟೆಗಳ ಶಸ್ತ್ರಕ್ರಿಯೆ, ಅನುಭವಿ ತಂಡ ಬೇಕು. ಸಕ್ಕರೆ ಕಾಯಿಲೆ, ತಂಬಾಕಿನ ಅಭ್ಯಾಸವಿದ್ದರೆ ಗಾಯ ಮಾಗುವುದು ಕಷ್ಟ. ಆದುದರಿಂದ ವೈದ್ಯರ ಮುಂದೆ ಕುಳಿತಾಗ ‘ನಾನು ಗೃಹಿಣಿ’ ಎಂದಷ್ಟೇ ಹೇಳದೆ, ದಿನವಿಡೀ ಕೈ, ಬೆನ್ನು, ಹೊಟ್ಟೆಗಳಿಂದ ಏನೇನು ಕೆಲಸ ಮಾಡುತ್ತೇನೆಂದು ವಿವರವಾಗಿ ಹೇಳಬೇಕು. ಆಯ್ಕೆಯ ಅರ್ಧ ಉತ್ತರ ಅದರಲ್ಲಿಯೇ ಇರುತ್ತದೆ. ಹೊಸ ಸ್ತನದಲ್ಲಿ ಮೊದಲಿನ ಸ್ಪರ್ಶಜ್ಞಾನ ಬಹುಮಟ್ಟಿಗೆ ಇರುವುದಿಲ್ಲವೆಂಬುದನ್ನೂ ಮೊದಲೇ ತಿಳಿದಿರಬೇಕು.

ಏನನ್ನೂ ಕಟ್ಟಿಸಿಕೊಳ್ಳದೆ ಚಪ್ಪಟೆಯಾಗಿಯೇ ಇರುವುದೂ ಗೌರವದ ಆಯ್ಕೆಯೇ. ರವಿಕೆಯೊಳಗೆ ಇಟ್ಟುಕೊಳ್ಳುವ ಕೃತಕ ಸ್ತನಗಳು ಸಿಲಿಕೋನಿನಲ್ಲಿಯೂ ಬಟ್ಟೆಯಲ್ಲಿಯೂ ದೊರೆಯುತ್ತವೆ. ನಮ್ಮ ಹೆಂಗಸರು ಹಳೆಯ ಸೀರೆಯ ತುಂಡು ಸುತ್ತಿಟ್ಟುಕೊಂಡು ಕಾಲ ಕಳೆದದ್ದುಂಟು. ಸರಿಯಾದ ತೂಕದ್ದಾದರೆ ಭುಜ ಒಂದು ಕಡೆಗೆ ವಾಲುವುದೂ ತಪ್ಪುತ್ತದೆ. ಮರಳಿ ಕಟ್ಟಿಸಿಕೊಂಡರೆ ರೋಗ ಮರುಕಳಿಸುತ್ತದೆ, ಅಥವಾ ಮರುಕಳಿಸಿದ್ದು ತಿಳಿಯದೆ ಹೋಗುತ್ತದೆ ಎಂಬ ಹೆದರಿಕೆ ಹಳ್ಳಿಗಳಲ್ಲಿದೆ. ನಡೆದ ಅಧ್ಯಯನಗಳು ಆ ಹೆದರಿಕೆಯನ್ನು ಸಮರ್ಥಿಸಿಲ್ಲ.

ಖರ್ಚಿನ ಮಾತು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಕ್ಯಾನ್ಸರ್ ಅದರಲ್ಲಿ ಸೇರಿದೆ. ಪುನರ್ರಚನೆಯ ಯಾವ ಭಾಗ ಅದರಲ್ಲಿ ಬರುತ್ತದೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಶಸ್ತ್ರಕ್ರಿಯೆಗೆ ಮೊದಲೇ ಕೇಳಬೇಕು. ಖಾಸಗಿ ವಿಮೆ ಇರುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವು ರೂಪಿಸಿರುವ ನಿಯಮದಲ್ಲಿ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಕ್ರಿಯೆಗೆ ಹಣವಿಲ್ಲ. ಆದರೆ ಅಪಘಾತ, ಸುಟ್ಟ ಗಾಯ ಮತ್ತು ಕ್ಯಾನ್ಸರಿನ ನಂತರದ ಪುನರ್ರಚನೆಯನ್ನು ಆ ನಿಷೇಧದಿಂದ ಹೊರಗಿಡಲಾಗಿದೆ. ‘ಇದು ಅಲಂಕಾರ, ಚಿಕಿತ್ಸೆಯಲ್ಲ’ ಎನ್ನುವ ಹಿರಿಯರಿಗೆ ಸರ್ಕಾರದ ನಿಯಮವೇ ಉತ್ತರ ಹೇಳಿದಂತಾಯಿತು.

ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿಯ ಲೆಕ್ಕ ನಡೆದುಬಂದಿದೆ. ಆಗ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಈಗ ಆ ಸ್ಥಾನ ಸ್ತನ ಕ್ಯಾನ್ಸರಿನದು. ಅಂತರರಾಷ್ಟ್ರೀಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಇದು ಹೊಸದಾಗಿ ಬಂದಿತು. ಸುಮಾರು 98 ಸಾವಿರ ಮಂದಿ ತೀರಿಕೊಂಡರು. ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಸುಮಾರು ಹತ್ತು ವರ್ಷ ಮೊದಲೇ ಈ ರೋಗ ಕಾಣಿಸಿಕೊಳ್ಳುತ್ತದೆ, ಮತ್ತು ಬಹಳ ಮಂದಿ ತಡವಾಗಿ ಬರುತ್ತಾರೆ. ತಡವಾದಷ್ಟೂ ಮೇಲೆ ಹೇಳಿದ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ.

ಇದಕ್ಕೆ ದೊಡ್ಡ ಯಂತ್ರಗಳೇ ಬೇಕೆಂದಿಲ್ಲ. ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ, ಮುಂಬಯಿಯ ಬಡ ಬಡಾವಣೆಗಳ ಒಂದೂವರೆ ಲಕ್ಷ ಮಹಿಳೆಯರಲ್ಲಿ ಒಂದು ಅಧ್ಯಯನ ನಡೆಸಿದರು. ಅವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಗುಂಪಿನಲ್ಲಿ ರೋಗ ಹೆಚ್ಚು ಮಂದಿಯಲ್ಲಿ ಮುಂಚಿನ ಹಂತದಲ್ಲಿಯೇ ಪತ್ತೆಯಾಯಿತು. 50 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ಈ ರೋಗದಿಂದ ಸಂಭವಿಸುವ ಸಾವು ಸುಮಾರು ಶೇಕಡಾ 30ರಷ್ಟು ತಗ್ಗಿತು. ‘ಈ ವಯಸ್ಸಿನಲ್ಲಿ ಏಕೆ?’ ಎಂದು ಯಾರನ್ನು ಕೇಳುತ್ತೇವೆಯೋ ಅವರಿಗೇ ಹೆಚ್ಚಿನ ಲಾಭವಾಯಿತು. 30 ವರ್ಷ ದಾಟಿದ ಮಹಿಳೆಯರಿಗೆ ಈ ಪರೀಕ್ಷೆ ಸರ್ಕಾರಿ ಆರೋಗ್ಯ ಕಾರ್ಯಕ್ರಮದಲ್ಲಿ ಸೇರಿದೆ.

ನಮ್ಮ ತಾಲ್ಲೂಕುಗಳು 2007ರಲ್ಲಿ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆಯಾದವು. ಕೋಲಾರ–ಚಿಕ್ಕಬಳ್ಳಾಪುರ ರೈಲುಮಾರ್ಗ 2013ರಲ್ಲಿ ಬ್ರಾಡ್‌ಗೇಜ್ ಆಗಿ ಮತ್ತೆ ತೆರೆಯಿತು. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯ ಬಳಿ 2023ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಆಸ್ಪತ್ರೆಗೂ ನಮಗೂ ಇದ್ದ ದೂರ ಹಿಂದಿನಂತಿಲ್ಲ. ಉಳಿದಿರುವುದು ಅಡುಗೆಮನೆಯಿಂದ ನಡುಮನೆಗೆ ಇರುವ ದೂರ. ಗಡ್ಡೆ ಕಂಡ ದಿನ ಆ ಮಾತನ್ನು ಗಂಡನಿಗೋ ಮಗನಿಗೋ ಸೊಸೆಗೋ ಹೇಳುವಷ್ಟು ದೂರ.

ಆ ದೂರವನ್ನು ಕಡಿಮೆ ಮಾಡುವ ಕೆಲಸ ಮುಖ್ಯವಾಗಿ ಗಂಡುಮಕ್ಕಳದು. ನನ್ನ ತರಗತಿಗಳಲ್ಲಿ ಕುಳಿತಿದ್ದ ಹುಡುಗರು ಇಂದು ಗಂಡಂದಿರು, ತಂದೆಯರು, ಮಾವಂದಿರಾಗಿದ್ದೀರಿ. ನಿಮ್ಮ ಮನೆಯ ಹೆಣ್ಣುಮಗಳು ಎದೆಯ ನೋವನ್ನೋ ಗಂಟನ್ನೋ ಹೇಳಿದರೆ ಆ ವಾರವೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ಹೆಚ್ಚಿನ ಗಡ್ಡೆಗಳು ಕ್ಯಾನ್ಸರ್ ಆಗಿರುವುದಿಲ್ಲವೆಂದು ಧೈರ್ಯ ಹೇಳಿರಿ. ಕ್ಯಾನ್ಸರ್ ಆಗಿದ್ದರೆ ಮೂರು ಪ್ರಶ್ನೆಗಳನ್ನು ವೈದ್ಯರಿಗೆ ಕೇಳಿರಿ: ಸ್ತನವನ್ನು ಉಳಿಸಬಹುದೇ? ತೆಗೆಯಬೇಕಾದರೆ ಮರಳಿ ಕಟ್ಟುವ ದಾರಿಗಳಾವುವು? ಅದನ್ನು ಈಗಲೇ ಮಾಡಬೇಕೇ, ನಂತರವೂ ಸಾಧ್ಯವೇ? ಉತ್ತರಗಳನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ, ಕನ್ನಡವಾಗಲಿ ತೆಲುಗಾಗಲಿ, ಬಿಡಿಸಿ ಹೇಳಿರಿ. ಅನಂತರ ಸುಮ್ಮನಿದ್ದು, ಆಕೆ ಏನು ಹೇಳುತ್ತಾಳೆಂದು ಕೇಳಿಸಿಕೊಳ್ಳಿರಿ.

ಬೇಕು ಎಂದರೂ ಸರಿ, ಬೇಡ ಎಂದರೂ ಸರಿ. ಆ ಮಾತು ಅವಳದಾಗಿರಬೇಕು. ಆಸೆಪಡುವುದರಲ್ಲಿ ತಪ್ಪೇನೂ ಇಲ್ಲ.